ಬ್ರಾಂಚ್ ಬಿಡಿಸಿದ ಬೇಸಿಗೆ

ಆ ವರ್ಷ ಬೇಸಿಗೆ ಶಿವರಾತ್ರಿಗೂ ಮೊದಲೇ ಬಂದುಬಿಟ್ಟಿತ್ತು. ವೈಟ್‌ಫೀಲ್ಡ್ ಕಡೆಯ ನಮ್ಮ ಅಗ್ನಿಶಾಮಕ ಠಾಣೆಗೆ ಬೇಸಿಗೆ ಬಂತೆಂದು ತಿಳಿಸುವುದು ಬಿಸಿಲಲ್ಲ, ಖಾಲಿ ಸೈಟುಗಳ ಒಣಹುಲ್ಲು. ಯಾರೋ ಬೀಡಿ ಎಸೆದು ಹೋಗುತ್ತಾರೆ, ಇನ್ಯಾರೋ ಕಸದ ರಾಶಿಗೆ ಕಡ್ಡಿ ಗೀರುತ್ತಾರೆ, ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಮತ್ತೊಬ್ಬರು ಫೋನ್ ಮಾಡುತ್ತಾರೆ. ಹುಲ್ಲು ಆರಿಸಿ ಬರುವಷ್ಟರಲ್ಲಿ ಒಂದು ಟ್ರಾನ್ಸ್‌ಫಾರ್ಮರ್. ಅದನ್ನು ಮುಗಿಸಿ ಪೈಪು ಸುತ್ತುವಷ್ಟರಲ್ಲಿ ವರ್ತೂರಿನ ಗುಜರಿ ಅಂಗಡಿ. ನಾನು ಠಾಣಾಧಿಕಾರಿ. ನನಗೆ ಮಂಜೂರಾಗಿದ್ದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿ. ಒಂದು ದಿನ ಡ್ಯೂಟಿ, ಒಂದು ದಿನ ಬಿಡುವು ಎನ್ನುವುದು ಗೋಡೆಗೆ ತೂಗುಹಾಕಿದ ಚಾರ್ಟಿನಲ್ಲಿ ಮಾತ್ರ ಇತ್ತು. ಊರೆಲ್ಲ ನಮ್ಮನ್ನು ವೀರರು ಎನ್ನುತ್ತಿತ್ತು. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ವೀರನಿಗೆ ರಜೆ ಕೊಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಪೈಪಿನ ತುದಿಗೆ ಸಿಕ್ಕಿಸುವ ಹಿತ್ತಾಳೆಯ ನಳಿಕೆಗೆ ನಮ್ಮಲ್ಲಿ ಬ್ರಾಂಚ್ ಅನ್ನುತ್ತಾರೆ. ಪಂಪಿನ ಒತ್ತಡ ಏರಿದಾಗ ಅದು ಹಿಡಿದವನನ್ನೇ ಹಿಂದಕ್ಕೆ ತಳ್ಳುತ್ತದೆ. ಸೊಂಟಕ್ಕೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ಕಾಲೂರಿ ನಿಲ್ಲಬೇಕು. ಎಷ್ಟು ಹೊತ್ತು ನಿಲ್ಲಬೇಕು ಎಂದು ಯಾವ ಕೈಪಿಡಿಯೂ ಹೇಳುವುದಿಲ್ಲ. ಆದರೆ ನಮ್ಮ ಠಾಣೆಯಲ್ಲಿ ಒಂದು ಪದ್ಧತಿ ಇತ್ತು: ಬ್ರಾಂಚನ್ನು ಮೊದಲು ಹಿಡಿದವನೇ ನೀರು ನಿಲ್ಲಿಸುವವರೆಗೆ ಹಿಡಿದಿರಬೇಕು. ನಡುವೆ ಇನ್ನೊಬ್ಬನ ಕೈಗೆ ಕೊಟ್ಟವನನ್ನು ‘ಕೈಬಿಟ್ಟ ಗಿರಾಕಿ’ ಎಂದು ತಿಂಗಳುಗಟ್ಟಲೆ ರೇಗಿಸುತ್ತಿದ್ದರು. ಇದನ್ನು ಶುರುಮಾಡಿದ್ದು ಯಾರೋ, ಯಾವ ಕಾಲದಲ್ಲೋ ಗೊತ್ತಿಲ್ಲ. ನಾನು ಬಂದಾಗಲೇ ಇತ್ತು.

ಆ ಪದ್ಧತಿಗೆ ಹೇಳಿ ಮಾಡಿಸಿದಂತಿದ್ದವನು ಬಾಗಲಕೋಟೆ ಕಡೆಯ ಒಬ್ಬ ಫೈರ್‌ಮನ್. ಎತ್ತರದ ಆಳು, ಮಾತು ಕಡಿಮೆ. ಎಲ್ಲರೂ ಅವನನ್ನು ಬ್ರಾಂಚ್‌ಮನ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಗಂಟೆ ಬಾರಿಸಿದರೆ ಮೊದಲು ಗಾಡಿ ಹತ್ತುವವನು ಅವನೇ. ಯಾರಿಗಾದರೂ ಜ್ವರ ಬಂದರೆ ಅವರ ಡ್ಯೂಟಿಯನ್ನೂ ಅವನೇ ಮಾಡುತ್ತಿದ್ದ. ಇಂಥವನೊಬ್ಬ ಇದ್ದರೆ ಯಾವ ಅಧಿಕಾರಿ ಬೇಡ ಅನ್ನುತ್ತಾನೆ? ಆ ಬೇಸಿಗೆಯಲ್ಲಿ ಅವನು ಇನ್ನೂ ಚುರುಕಾಗಿದ್ದಾನೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಫೋಮ್ ಹಾಸಿಗೆ ತುಂಬಿದ ಗೋದಾಮಿಗೆ ಬೆಂಕಿ ಬಿದ್ದಿದ್ದು ಒಂದು ಮಧ್ಯಾಹ್ನ. ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಒಳಗಿನ ರಸ್ತೆ. ಫೋಮ್ ಉರಿದರೆ ಜ್ವಾಲೆಗಿಂತ ಹೊಗೆ ಕೆಟ್ಟದ್ದು. ಕಪ್ಪಗೆ, ಜಿಡ್ಡಾಗಿ, ಎರಡು ಉಸಿರಿಗೆ ಆಳನ್ನು ಕೆಡವುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬ್ರಾಂಚ್‌ಮನ್ ಮತ್ತು ಅವನ ಜೊತೆಗಾರ ಒಳಗೆ ಹೋದರು. ಹೊರಗೆ ಪಂಪಿನ ಹತ್ತಿರ ಡ್ರೈವರ್, ಬಾಗಿಲಲ್ಲಿ ನಾನು. ಮೇಲೆ ಸಿಮೆಂಟ್ ಶೀಟುಗಳು ಪಟಪಟ ಸಿಡಿಯುತ್ತಿದ್ದವು.

ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದಾಗ ಆ ಸೆಟ್ ತಾನಾಗಿ ಸೀಟಿ ಹೊಡೆಯುತ್ತದೆ. ಪ್ರೆಷರ್ ಕುಕ್ಕರಿನ ಸೀಟಿಗಿಂತ ಚೂಪು, ನಿಲ್ಲದೆ ಹೊಡೆಯುತ್ತದೆ. ಅದು ಶುರುವಾಯಿತೆಂದರೆ ಹೊರಗೆ ಬರುವಷ್ಟು ಗಾಳಿ ಮಾತ್ರ ಉಳಿದಿದೆ ಎಂದರ್ಥ. ಎಲ್ಲಿದ್ದೀಯೋ ಅಲ್ಲಿಂದ ತಿರುಗಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ವಲ್ಪ ಹೊತ್ತಿಗೆ ಜೊತೆಗಾರನ ಸೀಟಿ ಕೇಳಿಸಿತು, ಅವನು ಪೈಪು ತಡಕುತ್ತ ಹೊರಗೆ ಬಂದ. ಒಬ್ಬನೇ ಬಂದ.

"ಅವ್ನೆಲ್ಲೋ?" ಅಂದೆ.

"ಹಿಂದೇನೇ ಬರ್ತಾವ್ನೆ ಸಾರ್. ತಟ್ಟಿ ಬಂದೆ."

ಹಿಂದೆ ಯಾರೂ ಬರಲಿಲ್ಲ. ಒಳಗಿನಿಂದ ಇನ್ನೊಂದು ಸೀಟಿ ಕೇಳುತ್ತಿತ್ತು. ಬಾಗಿಲಲ್ಲಿ ನಿಂತ ನನಗೆ, ಪಂಪಿನ ಸದ್ದಿನ ನಡುವೆಯೂ, ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಹತ್ತಿರವಾಗುತ್ತಿರಲಿಲ್ಲ. ಉಳಿದಿದ್ದ ಒಂದು ಸೆಟ್ ಹಾಕಿಕೊಂಡು ಪೈಪನ್ನೇ ಹಿಡಿದು ಒಳಗೆ ಹೋದೆ. ಅವನು ಕಾಲೂರಿ ನಿಂತು ನೀರು ಹೊಡೆಯುತ್ತಿದ್ದ, ಬೆನ್ನ ಮೇಲೆ ಸೀಟಿ ಕಿರುಚುತ್ತಿತ್ತು. ಭುಜ ಹಿಡಿದು ಎಳೆದೆ. ತಿರುಗಿ ನೋಡಿದ, ಮತ್ತೆ ಬೆಂಕಿಯ ಕಡೆಗೇ ತಿರುಗಿದ. ಬ್ರಾಂಚ್ ಮುಚ್ಚಿಸಿ, ಬೆಲ್ಟಿಗೆ ಕೈ ಹಾಕಿ, ಎಳೆದುಕೊಂಡೇ ಬಂದೆ. ಬಾಗಿಲು ದಾಟುವ ಹೊತ್ತಿಗೆ ಅವನ ಮಾಸ್ಕ್ ಮುಖಕ್ಕೆ ಅಂಟಿಕೊಂಡಿತ್ತು, ಅಂದರೆ ಗಾಳಿ ಮುಗಿದಿತ್ತು.

ಮಾಸ್ಕ್ ಕಿತ್ತು ಹಾಕಿ, ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕೆಮ್ಮುತ್ತ ಕೇಳಿಸಿಕೊಂಡ. ಕೊನೆಗೆ ಕೇಳಿದ, "ಸೀಟಿ ಹೊಡೀತೇನ್ರಿ ಸಾಹೇಬ್ರ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವನು ಪೈಪು ಸುತ್ತುತ್ತಿದ್ದಾಗ, ಹೇಳದೆ ಕೇಳದೆ ಅವನ ಬೆನ್ನ ಹಿಂದೆಯೇ ಒಂದು ಸೆಟ್ಟಿನ ಸೀಟಿ ಹೊಡೆಸಿದೆ. ಅಡುಗೆಮನೆಯಲ್ಲಿದ್ದವರೂ ಹೊರಗೆ ಇಣುಕಿದರು. ಅವನು ಮಾತ್ರ ಸುತ್ತುತ್ತಲೇ ಇದ್ದ. ಅಷ್ಟರಲ್ಲಿ ಡ್ರೈವರ್ ಜೇಬಿನ ಮೊಬೈಲು ಯಾವುದೋ ಸಿನಿಮಾ ಹಾಡು ಹಾಡಿತು. ಅದಕ್ಕೆ ತಿರುಗಿ ನೋಡಿದ!

ಕಿವಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಪರೀಕ್ಷೆಯಲ್ಲಿ ಕಿವಿ ನೆಟ್ಟಗಿತ್ತು. ಡಾಕ್ಟರು, "ಕೆಲಸದಲ್ಲಿ ದಿನಾ ಬೆಲ್ಲು, ಸೈರನ್ನು ಕೇಳ್ತಾರಾ? ತಲೆ ಅದನ್ನ ಒಳಗೆ ಬಿಟ್ಕೊಳ್ಳೋದು ನಿಲ್ಲಿಸಿರಬಹುದು. ಇವರು ಸರಿಯಾಗಿ ನಿದ್ದೆ ಮಾಡಿದ್ದು ಯಾವಾಗ?" ಎಂದು ಕೇಳಿದರು. ಬ್ರಾಂಚ್‌ಮನ್ ಉತ್ತರಕ್ಕಾಗಿ ನನ್ನ ಮುಖ ನೋಡಿದ. ನನಗೇನು ಗೊತ್ತು?

ಗೊತ್ತಿದ್ದದ್ದು ನಮ್ಮ ಡ್ರೈವರ್‌ಗೆ. ಅವನು ಈ ಕಡೆಯ ಹಳ್ಳಿಯವನೇ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದಾನೆ. ಕೆಲಸ ಬಿಟ್ಟು ಆರಾಮಾಗಿ ಇರಬಹುದಿತ್ತು, ಸೈರನ್ ಹೊಡೆಯುವ ಹುಚ್ಚಿಗೆ ಬಿಟ್ಟಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬಾಯಿ ತೆರೆದರೆ ತಮಾಷೆ. ಬ್ರಾಂಚ್‌ಮನ್ ಅವನ ಬಾಡಿಗೆದಾರ.

"ಸಾ, ಅವ್ನು ಮಲಗೋದೆಲ್ಲಿ ಬಂತು," ಅಂದ. "ಆಫ್ ಇದ್ದ ದಿನಾನೂ ಶೂ ಆಕ್ಕೊಂಡು ಮೆಟ್ಲು ಮೇಲೆ ಕುಂತಿರ್ತಾನೆ. ಎಂಡ್ತಿ ಊಟ ಇಕ್ಕಿದ್ರೆ ತಟ್ಟೆ ಅಂಗೇ ಇರ್ತದೆ. ಆಯಮ್ಮ ನಮ್ಮೋಳತ್ರ ಅಳ್ತಾಳೆ. ನೀವು ಕೇಳ್ಳಿಲ್ಲ, ನಾನು ಯೋಳ್ಳಿಲ್ಲ."

ಎರಡು ದಿನ ರಜೆ ಕೊಟ್ಟೆ. ಮರುದಿನ ಬೆಳಿಗ್ಗೆಯೇ ಸಮವಸ್ತ್ರ ಹಾಕಿಕೊಂಡು ಬಂದು ನಿಂತ. "ರೂಮಿನ್ಯಾಗ ಕುಂತ್ರ ತಲಿ ಕೆಡ್ತೈತ್ರಿ. ಇಲ್ಲೇ ಒಂದ್ ಮೂಲ್ಯಾಗ ಇರ್ತೀನಿ," ಅಂದ. ಮೂಲೆಯಲ್ಲಿ ಇರಲಿಲ್ಲ, ಮೊದಲ ಗಂಟೆಗೇ ಗಾಡಿಯ ಮೇಲಿದ್ದ. ನಮ್ಮ ವಿಭಾಗದ ಸಾಹೇಬರಿಗೆ ಫೋನ್ ಮಾಡಿದೆ. ಅವನನ್ನು ಒಂದು ತಿಂಗಳು ಬೇರೆ ಕೆಲಸಕ್ಕೆ ಹಾಕಿ, ಬದಲಿಗೆ ಇಬ್ಬರನ್ನು ಕೊಡಿ ಎಂದು ಕೇಳಿದೆ.

"ಸೀಸನ್ನಲ್ಲಿ ಎಲ್ಲಿಂದ ತರೋದ್ರೀ ಜನಾನ?" ಅಂದರು. "ಅನ್‌ಫಿಟ್ ಅಂತ ಬರ್ಕೊಡಿ, ಕಳಿಸ್ತೀನಿ. ಆಮೇಲೆ ಅವ್ನ ಪ್ರಮೋಷನ್ ಕತೆ ಏನಾಗತ್ತೆ ಅಂತ ನಿಮಗೇ ಗೊತ್ತು."

ಅನ್‌ಫಿಟ್ ಎಂದು ಬರೆದರೆ ಅವನು ಜೀವಮಾನ ಪೂರ್ತಿ ತಲೆತಗ್ಗಿಸಿಕೊಂಡು ಓಡಾಡಬೇಕು. ಬರೆಯದಿದ್ದರೆ, ಈ ಬೇಸಿಗೆ ಮುಗಿಯುವುದರೊಳಗೆ ಯಾವುದೋ ಶೆಡ್ಡಿನಿಂದ ಅವನ ಹೆಣವನ್ನು ನಾನು ಹೊತ್ತು ತರಬೇಕು. ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅವನ ಬಾಯಿಂದ ‘ನನಗೆ ಆಗುವುದಿಲ್ಲ’ ಎಂಬ ಮಾತು ಬರುವುದಿಲ್ಲ ಎಂದೂ ಗೊತ್ತಿತ್ತು. ಆ ಮಾತಿಗೆ ನಮ್ಮ ಠಾಣೆಯಲ್ಲಿ ಜಾಗವೇ ಇರಲಿಲ್ಲವಲ್ಲ.

ಎರಡು ದಿನ ತಲೆ ಕೆಡಿಸಿಕೊಂಡು ಒಂದು ತೀರ್ಮಾನಕ್ಕೆ ಬಂದೆ. ಬೆಳಗಿನ ಕವಾಯತಿನಲ್ಲಿ ಹೇಳಿದೆ: ಇನ್ನು ಮೇಲೆ ಯಾವ ಬೆಂಕಿಯಲ್ಲೂ ಒಬ್ಬನೇ ಬ್ರಾಂಚ್ ಹಿಡಿದು ನಿಲ್ಲುವಂತಿಲ್ಲ. ನಾನು ‘ಬದಲಿ’ ಎಂದು ಕೂಗಿದ ಕೂಡಲೇ ಹಿಡಿದವನು ಬಿಡಬೇಕು, ಹಿಂದಿನವನು ಹಿಡಿಯಬೇಕು. ಬಿಟ್ಟವನು ಹೊರಗೆ ಬಂದು ಹೆಲ್ಮೆಟ್ ತೆಗೆದು ಕೂರಬೇಕು. ಕೂರುವುದೂ ಡ್ಯೂಟಿಯೇ. ಇದು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ, ಆದೇಶ. ಆದೇಶಕ್ಕೆ ಬಿಟ್ಟವನನ್ನು ಯಾರಾದರೂ ರೇಗಿಸಿದರೆ ನನ್ನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ.

ಸಾಲಿನಲ್ಲಿ ಕಿಸಿಕಿಸಿ ನಗು. "ಮ್ಯೂಸಿಕಲ್ ಚೇರ್ ಆಡಿಸ್ತಾರಂತೆ ಕಣೋ," ಎಂದು ಡ್ರೈವರ್ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಆ ಸಂಜೆ ಕೆರೆಯಂಚಿನ ಹುಲ್ಲಿಗೆ ಬಿದ್ದ ಬೆಂಕಿಗೆ ಬ್ರಾಂಚನ್ನು ನಾನೇ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ನಾನೇ ‘ಬದಲಿ’ ಎಂದು ಕೂಗಿ ಹಿಂದಿನವನ ಕೈಗೆ ಕೊಟ್ಟೆ, ಕಲ್ಲಿನ ಮೇಲೆ ಕೂತು ಹೆಲ್ಮೆಟ್ ತೆಗೆದೆ. ಎಲ್ಲರೂ ನೋಡುತ್ತಿದ್ದರು. ಒಳಗೊಳಗೆ ನನಗೂ ಮುಜುಗರವೇ ಆಯಿತು, ಯಾರದೋ ಮದುವೆಯಲ್ಲಿ ಕರೆಯದೆ ಊಟಕ್ಕೆ ಕೂತ ಹಾಗೆ. ಆದರೂ ಎದ್ದೇಳಲಿಲ್ಲ.

ಒಂದೆರಡು ವಾರದಲ್ಲಿ ಉಳಿದವರು ಹೊಂದಿಕೊಂಡರು. ಬ್ರಾಂಚ್‌ಮನ್ ಮಾತ್ರ ಸಣ್ಣ ಬೆಂಕಿಗಳಲ್ಲಿ ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ನಾನು ಕೂಗುವ ಹೊತ್ತಿಗೆ ಬೆಂಕಿ ಆರಿರುತ್ತಿತ್ತು, ಇಲ್ಲವೇ ಅವನು ಮರೆಗೆ ಹೋಗಿರುತ್ತಿದ್ದ.

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಬೆಂಕಿಯಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ನಡುಮಧ್ಯಾಹ್ನ. ಹೊರವರ್ತುಲ ರಸ್ತೆಯಲ್ಲಿ ಕ್ಯಾಬುಗಳು ಅಲುಗಾಡದೆ ನಿಂತಿದ್ದವು. ಸೈರನ್ ಹೊಡೆದೂ ಹೊಡೆದೂ ತಲುಪುವ ಹೊತ್ತಿಗೆ ಗೇಟಿನಲ್ಲಿ ಜನ ಜಮಾಯಿಸಿದ್ದರು. "ಎಲ್ಲಾ ಬೂದಿ ಆದ್ಮೇಲೆ ಬಂದ್ರು ನೋಡ್ರಪ್ಪಾ" ಎಂಬ ಮಾಮೂಲಿ ಸ್ವಾಗತ. ಕೆಲಸಗಾರರೆಲ್ಲ ಹೊರಗೆ ಬಂದಿದ್ದಾರೆಂದು ಮೇಲ್ವಿಚಾರಕನಿಂದ ಖಚಿತ ಮಾಡಿಕೊಂಡೆ. ಪಕ್ಕದ ಶೆಡ್ಡಿನಲ್ಲಿ ಬಣ್ಣ, ತಿನ್ನರ್ ಡಬ್ಬಿಗಳಿದ್ದವು. ಬೆಂಕಿ ಆ ಗೋಡೆ ದಾಟಬಾರದು, ಅಷ್ಟೇ ನಮ್ಮ ಕೆಲಸ. ಒಂದು ಪೈಪು ಗೋಡೆ ತಂಪು ಮಾಡಲು, ಇನ್ನೊಂದು ಒಳಗಿನ ರಾಶಿಗೆ. ಒಳಗಿನದ್ದು ಬ್ರಾಂಚ್‌ಮನ್ ಕೈಯಲ್ಲಿ.

ರಟ್ಟು ಮೇಲೆ ಆರಿದಂತೆ ಕಂಡರೂ ಒಳಗೆ ಉರಿಯುತ್ತಲೇ ಇರುತ್ತದೆ. ಕೊಕ್ಕೆಯಿಂದ ಎಳೆದು, ಬಿಡಿಸಿ, ನೆನೆಸಬೇಕು. ಗಾಡಿಯ ನೀರು ಮುಗಿದು ಖಾಸಗಿ ಟ್ಯಾಂಕರಿನಿಂದ ತುಂಬಿಸುತ್ತಿದ್ದೆವು. ನಾನು "ಬದಲಿ!" ಎಂದು ಕೂಗಿದೆ. ಗೋಡೆಯ ಹತ್ತಿರದವರು ಕೈ ಬದಲಿಸಿದರು. ಒಳಗೆ ಏನೂ ಬದಲಾಗಲಿಲ್ಲ. ಮತ್ತೆ ಕೂಗಿದೆ. ಹಿಂದೆ ನಿಂತವನು ಕೈ ಚಾಚಿದರೆ ಬ್ರಾಂಚ್‌ಮನ್ ಮೊಣಕೈಯಿಂದ ತಳ್ಳಿದ.

ಹತ್ತಿರ ಹೋದೆ. ಕಿತ್ತುಕೊಂಡರೆ ಒತ್ತಡಕ್ಕೆ ಬ್ರಾಂಚ್ ಚಿಮ್ಮಿ ಯಾರದಾದರೂ ತಲೆ ಒಡೆಯುತ್ತದೆ. ಅವನ ಪಕ್ಕ ಕಾಲೂರಿ ನಿಂತು, ಅವನ ಕೈಗಳ ಮೇಲೆ ನನ್ನ ಕೈ ಇಟ್ಟೆ.

"ಬಿಡೋ," ಅಂದೆ.

"ಬಿಡಾಕ ಬರವಲ್ದ್ರಿ ಸಾಹೇಬ್ರ." ಅವನು ಅಳುತ್ತಿದ್ದ. "ಬಟ್ಟು ತೆರೀವಲ್ವು."

ಹಟವಲ್ಲ ಅದು. ಬೆರಳು ನಿಜವಾಗಿ ಸೆಟೆದುಕೊಂಡಿದ್ದವು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಂದು ಕೈಯಲ್ಲಿ ಬ್ರಾಂಚಿನ ಭಾರ ಹೊತ್ತು, ಇನ್ನೊಂದರಲ್ಲಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹಿಂದಿನವನು ಹಿಡಿದುಕೊಂಡ. "ಹೊರಗೆ ಹೋಗಿ ಗಾಡಿ ನೆರಳಲ್ಲಿ ಬಿದ್ಕೋ. ನಿದ್ದೆ ಬಂದ್ರೆ ಮಲಗು. ಇದು ಆರ್ಡರ್," ಅಂದೆ. ಅವನು ಹೋದ. ಸಂಜೆಯ ಹೊತ್ತಿಗೆ ಬೆಂಕಿ ಗೋಡೆ ದಾಟದ ಹಾಗೆ ನಿಲ್ಲಿಸಿದೆವು. ಹೊರಗೆ ಬಂದು ನೋಡಿದರೆ, ಗಾಡಿಯ ಚಕ್ರಕ್ಕೆ ಒರಗಿ, ಬಾಯಿ ತೆರೆದು, ಅಷ್ಟು ಗದ್ದಲದ ನಡುವೆ ಮಲಗಿಬಿಟ್ಟಿದ್ದ. ಡ್ರೈವರ್ ಅವನ ಮುಖಕ್ಕೆ ಬಿಸಿಲು ಬೀಳದಂತೆ ತನ್ನ ಕೋಟು ಕಟ್ಟಿದ್ದ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಗೇಟಿನ ಹತ್ತಿರ ಯಾರೋ ಮೊಬೈಲು ಹಿಡಿದು ನಿಂತಿದ್ದನ್ನು ಗಮನಿಸಲೇ ಇಲ್ಲ.

ಮರುದಿನ ಒಂದು ಟಿವಿ ಚಾನೆಲ್ಲಿನಲ್ಲಿ ಅದೇ ಚಿತ್ರ ಬಂತು. ಹಿಂದೆ ಹೊಗೆ, ಮುಂದೆ ಮಲಗಿದ ಬ್ರಾಂಚ್‌ಮನ್, ಕೆಳಗೆ ದಪ್ಪಕ್ಷರದಲ್ಲಿ: ಬೆಂಕಿ ಉರಿಯುತ್ತಿದ್ದರೆ ಗೊರಕೆ ಹೊಡೆದ ಸಿಬ್ಬಂದಿ. ಠಾಣೆಯ ಟಿವಿಯ ಮುಂದೆ ಅವನೂ ಕೂತಿದ್ದ. ಎದ್ದು ನನ್ನ ಕೋಣೆಗೆ ಬಂದ.

"ನಾ ಬದಲಿ ತಪ್ಪಿಸ್ಕೊಳ್ತಿದ್ದದ್ದು ಇದಕ್ಕರಿ. ನೀವು ನನ್ನ ಮಾನ ಕಳದ್ರಿ."

ಹೌದು ಅನ್ನಿಸಿತು. ಉತ್ತರ ಕೊಡುವ ಮೊದಲೇ ವಿಭಾಗದ ಸಾಹೇಬರ ಫೋನ್ ಬಂತು. ಮೇಲಿನಿಂದ ಒತ್ತಡ ಇದೆ, ಸಂಜೆಯೊಳಗೆ ಅವನನ್ನು ಸಸ್ಪೆಂಡ್ ಮಾಡಲು ವರದಿ ಕಳಿಸಿ ಎಂದರು. ಬ್ರಾಂಚ್‌ಮನ್ ಎದುರಿಗೇ ನಿಂತಿದ್ದ.

"ವರದಿ ಕಳಿಸ್ತೀನಿ ಸರ್," ಅಂದೆ. "ಅವನು ಮಲಗಿದ್ದು ನನ್ನ ಆದೇಶದ ಮೇಲೆ ಅಂತ ಬರೀತೀನಿ."

"ತಮಾಷೆ ಮಾಡ್ಬೇಡ್ರೀ. ಬೆಂಕಿ ಮುಂದೆ ಮಲಗು ಅಂತ ಯಾವ ಆಫೀಸರ್ ಆರ್ಡರ್ ಮಾಡ್ತಾನೆ?"

"ನಾನು ಮಾಡಿದೀನಿ ಸರ್. ನಾಳೆನೂ ಮಾಡ್ತೀನಿ. ಒಬ್ಬ ಹೊರಗೆ ಬಂದು ಮಲಗಿದ, ಬೆಂಕಿ ಗೋಡೆ ದಾಟಲಿಲ್ಲ. ಅದನ್ನೂ ಬರೀತೀನಿ. ಸಸ್ಪೆಂಡ್ ಮಾಡೋದಿದ್ರೆ ಆದೇಶ ಕೊಟ್ಟೋನ್ನ ಮಾಡಿ."

"ನಿಮ್ಮ ಕೆಲಸಕ್ಕೆ ಕುತ್ತು ಬರತ್ತೆ ಕಣ್ರೀ," ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು. ಧೈರ್ಯ ಎಂದೇನೂ ಅಲ್ಲ, ಆ ಬೆರಳುಗಳನ್ನು ಬಿಡಿಸಿದ ಕೈಯಿಂದ ಬೇರೆ ಏನನ್ನೂ ಬರೆಯಲು ನನಗೆ ಮನಸ್ಸು ಬರಲಿಲ್ಲ.

ವರದಿ ಹೋಯಿತು. ನನ್ನ ಮೇಲೆ ವಿಚಾರಣೆಯಾಗಿ, ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಎಂದು ಬರೆದರು. ಅದು ಈಗಲೂ ಇದೆ, ಇರಲಿ. ಅವನನ್ನು ಮುಟ್ಟಲಿಲ್ಲ. ವಿಚಾರಣೆಗೆ ಬಂದಿದ್ದ ವಿಭಾಗದ ಸಾಹೇಬರು ಒಂದು ದಿನ ಪೂರ್ತಿ ಠಾಣೆಯಲ್ಲಿ ಕೂತು, ಗಂಟೆ ಎಷ್ಟು ಸಲ ಬಾರಿಸುತ್ತದೆಂದು ತಾವೇ ಕೇಳಿ ಹೋದರು. ಆಮೇಲೆ ಪಕ್ಕದ ಠಾಣೆಯಿಂದ ಒಬ್ಬನನ್ನು ಬೇಸಿಗೆ ಮುಗಿಯುವವರೆಗೆ ಕೊಟ್ಟರು. ಇಬ್ಬರನ್ನು ಕೇಳಿದ್ದೆ, ಒಬ್ಬ ಸಿಕ್ಕ. ಅಷ್ಟಕ್ಕೇ ಬ್ರಾಂಚ್‌ಮನ್‌ಗೆ ಮೂರು ವಾರ ರಜೆ ಕೊಡಲು ಸಾಧ್ಯವಾಯಿತು. ಈ ಸಲ ಅವನ ಬೂಟುಗಳನ್ನು ಠಾಣೆಯಲ್ಲೇ ಬಿಡಿಸಿ ಕಳಿಸಿದೆ. ಅವನು ನನ್ನ ಕಡೆ ತಿರುಗಿಯೂ ನೋಡದೆ ಬರಿಗಾಲಲ್ಲಿ ಹೋದ. ದಿನಾ ಡ್ರೈವರನ್ನು ಕೇಳುತ್ತಿದ್ದೆ. ಮೊದಲ ವಾರ, "ಮೆಟ್ಲು ಮೇಲೇ ಅವ್ನೆ ಸಾ." ಆಮೇಲೊಂದು ದಿನ, "ಇವತ್ತು ಮಟಮಟ ಮಧ್ಯಾಹ್ನ ಒಳಗೆ ಮಲಗವ್ನೆ. ಎಂಡ್ತಿ ಬಾಗ್ಲಾಕ್ಕೊಂಡು ಯಾರ್ನೂ ಮಾತಾಡ್ಸಕ್ಕೆ ಬುಡ್ತಿಲ್ಲ."

ಅವನು ಕೆಲಸಕ್ಕೆ ಮರಳಿ ಬಂದಾಗ ಮುಖ ತುಂಬಿಕೊಂಡಿತ್ತು, ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ‘ಬದಲಿ’ ಎಂದರೆ ಬಿಡುತ್ತಿದ್ದ. ಸೀಟಿಗೆ ತಿರುಗುತ್ತಿದ್ದ. ಆದರೆ ಅದು ನನ್ನ ಆದೇಶಕ್ಕೆ ಮಾತ್ರ. ನಾನಿಲ್ಲದ ಕಡೆ, ನಾನು ವರ್ಗವಾಗಿ ಹೋದ ಮೇಲೆ, ಇವನನ್ನು ಯಾರು ಹೊರಗೆ ಕರೆಯುತ್ತಾರೆ ಎಂಬ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ.

ಮಳೆಗಾಲ ಶುರುವಾಗುವ ಮೊದಲು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಗಂಟೆ ಬಾರಿಸಿತು. ಗುಜರಿ ಗೋದಾಮು. ಎಲ್ಲರೂ ಓಡಿದರು. ಬ್ರಾಂಚ್‌ಮನ್ ಗಾಡಿಯ ಮೆಟ್ಟಿಲಿಗೆ ಒಂದು ಕಾಲಿಟ್ಟವನು ನಿಂತ. ಕೆಳಗಿಳಿದು, ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದ ನನ್ನ ಬಾಗಿಲ ಹತ್ತಿರ ಬಂದ. ಎಲ್ಲರೂ ಕೇಳುವಂತೆ, ಜೋರಾಗಿಯೇ ಹೇಳಿದ: "ಸಾಹೇಬ್ರ, ಇವತ್ತ ನನ್ನ ಕೈಲೆ ಆಗಂಗಿಲ್ರಿ. ರಾತ್ರಿ ನಿದ್ದಿ ಆಗಿಲ್ಲ. ಬ್ಯಾರೆಯವ್ರನ್ನ ಕರಕೊಂಡ್ ಹೋಗ್ರಿ."

ಯಾರೂ ನಗಲಿಲ್ಲ. ಫೋನ್ ಕೋಣೆಯಲ್ಲಿದ್ದವನು ಎದ್ದು ಬಂದು ಗಾಡಿ ಹತ್ತಿದ, ಬ್ರಾಂಚ್‌ಮನ್ ಹೋಗಿ ಅವನ ಕುರ್ಚಿಯಲ್ಲಿ ಕೂತ. ನನ್ನ ಕಣ್ಣಲ್ಲಿ ನೀರು ಬಂತು, ಡ್ರೈವರ್ ನೋಡದ ಹಾಗೆ ಕಿಟಕಿಯ ಕಡೆ ತಿರುಗಿದೆ. ಆ ಮಾತಿಗಾಗಿಯೇ ಇಡೀ ಬೇಸಿಗೆ ಗುದ್ದಾಡಿದ್ದೆ.

ಗುಜರಿಯ ಬೆಂಕಿ ದೊಡ್ಡದೇನಾಗಿರಲಿಲ್ಲ. ಮುಗಿಸಿ ವಾಪಸು ಬರುವಾಗ ಡ್ರೈವರ್ ಎಂದಿನಂತೆ ವಟಗುಟ್ಟುತ್ತಿರಲಿಲ್ಲ. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ರಸ್ತೆಯನ್ನೇ ನೋಡುತ್ತ ಕೇಳಿದ.

"ಸಾ, ಅದು ಬ್ರಾಂಚ್ ಇಡಿಯೋರ್ಗೆ ಮಾತ್ರಾನಾ? ಇಲ್ಲ, ಡ್ರೈವರ್ರೂ ಯೋಳ್ಬೋದಾ?"

"ಏನು?"

"ನಂಗೂ ನಿದ್ದೆ ಬಂದು ತಿಂಗ್ಳಾಯ್ತು ಸಾ. ಕಣ್ ಮುಚ್ಚುದ್ರೆ ಯಾರ್ಗೋ ಗುದ್ದುಬುಟ್ಟೆ ಅನ್ಸ್ತದೆ."

ಇಷ್ಟು ತಿಂಗಳು ನನ್ನ ಪಕ್ಕದಲ್ಲೇ ಕೂತು ನಗಿಸುತ್ತಿದ್ದವನು. "ಗಾಡಿ ಎಡಕ್ಕೆ ಹಾಕು," ಅಂದೆ. ಸಿಗ್ನಲ್ ದಾಟಿ ಬದಿಗೆ ನಿಲ್ಲಿಸಿದ. ಹಿಂದೆ ಕೂತಿದ್ದವರಲ್ಲಿ ಹೆವಿ ಲೈಸೆನ್ಸ್ ಇದ್ದವನೊಬ್ಬನನ್ನು ಮುಂದಕ್ಕೆ ಕರೆದು, ಬೀಗದ ಕೈ ಕೊಡು ಎಂದು ಡ್ರೈವರ್‌ಗೆ ಕೈ ಚಾಚಿದೆ. ಅವನು ಕೊಟ್ಟು ಕೆಳಗಿಳಿದ.